ಕಲ್ಯಾಣಿ ಮೇಡಂ ಎರಡು ಸಲ ಮೋಸ ಹೋದರು

ಕಲ್ಯಾಣಿ ಮೇಡಂ ಕಣ್ಣಿಗೆ ಮಣ್ಣೆರಚಬೇಕೆಂದು ಇಬ್ಬರು ಮಹಾ ಬುದ್ಧಿವಂತರು ಏಳು ತಿಂಗಳು ಹೆಣಗಿದರು. ಆಗಲಿಲ್ಲ. ಒಬ್ಬ ನಚಿಕೇತ, ಇನ್ನೊಬ್ಬಳು ಇಂಚರ. ಇಬ್ಬರೂ ಜಯನಗರದಲ್ಲೇ ಹುಟ್ಟಿ, ಅಲ್ಲೇ ಓದಿ, ಈಗ ಜೆ.ಪಿ. ನಗರದ ಎರಡನೇ ಫೇಸಿನಲ್ಲಿ ಒಂದು ದರ್ಶಿನಿಯ ಮೇಲಿನ ಮಹಡಿಯಲ್ಲಿ ಪುಟ್ಟ ಕಂಪನಿ ಇಟ್ಟುಕೊಂಡವರು. ಅವರ ಕೆಲಸ ಏನೆಂದು ಕೇಳಿದರೆ ನೀವು ನಗುತ್ತೀರಿ: ಹುಟ್ಟದೇ ಇರುವ ಮನುಷ್ಯರ ಎದೆಯ ಎಕ್ಸ್‌ರೇ ತಯಾರಿಸುವುದು!

ನಗಬೇಡಿ, ಅದೊಂದು ಸೊಗಸು. ಪರದೆಯ ಮೇಲೆ ಮೊದಲು ಬರೀ ಚುಕ್ಕಿ. ಹಳೇ ಟಿವಿಯ ಆಂಟೆನಾ ಗಾಳಿಗೆ ತಿರುಗಿದಾಗ ಬರುತ್ತಿತ್ತಲ್ಲ, ಆ ಥರ. ನೋಡನೋಡುತ್ತಿದ್ದಂತೆ ಆ ಚುಕ್ಕಿಗಳ ಗಲಾಟೆಯೊಳಗಿಂದ ಪಕ್ಕೆಲುಬು ಮೂಡುತ್ತದೆ, ಹೃದಯ ಮೂಡುತ್ತದೆ, ಶ್ವಾಸಕೋಶ ಕಪ್ಪಗೆ ಅರಳುತ್ತದೆ. ಆದರೆ ಮಿಷನ್ನು ತನ್ನಿಷ್ಟಕ್ಕೆ ಬರೆಯುವಂತಿಲ್ಲ. "ಹೆಂಗಸು, ಮೂವತ್ತೈದು ವರ್ಷ, ಟಿ.ಬಿ. ಕಲೆ, ಬಲಗಡೆ ಮೇಲ್ಭಾಗ" ಎಂದು ಇಂಚರ ಬರೆದು ಕೊಟ್ಟು, ಪರದೆಯ ಮೇಲೆ ಬೆರಳಿನಿಂದ ಒಂದು ಸುತ್ತು ಹಾಕಿದರೆ, ಕಲೆ ಅಲ್ಲೇ ಬರಬೇಕು, ಅಷ್ಟೇ ಅಗಲ ಬರಬೇಕು. ಅದಕ್ಕೆ ಕಡಿವಾಣ ಹಾಕುವುದೇ ಇವರ ವಿದ್ಯೆ. ಬರೆಯುವ ಮಿಷನ್ನು ಊರಿಗೊಂದು ಸಿಗುತ್ತದೆ, ಹೇಳಿದ ಮಾತು ಕೇಳುವ ಮಿಷನ್ನು ಬೇಕಲ್ಲ!

ಇದೆಲ್ಲ ಯಾಕೆಂದರೆ ಒಂದು ವ್ಯಾನಿಗೋಸ್ಕರ. ಉತ್ತರಹಳ್ಳಿಯ ಟ್ರಸ್ಟ್ ಆಸ್ಪತ್ರೆಯವರು ಎಕ್ಸ್‌ರೇ ವ್ಯಾನ್ ಒಂದನ್ನು ಬೀದಿ ಬೀದಿಗೆ ಕಳಿಸಿ ಟಿ.ಬಿ. ಹುಡುಕುವವರಿದ್ದರು. ವ್ಯಾನಿನಲ್ಲಿ ಡಾಕ್ಟರ್ ಇರುವುದಿಲ್ಲ, ಒಂದು ಕಂಪ್ಯೂಟರ್ ಪಟ ನೋಡಿ "ಇವರನ್ನು ಡಾಕ್ಟರಿಗೆ ತೋರಿಸಿ" ಎನ್ನಬೇಕು. ಅದಕ್ಕೆ ಪಾಠ ಹೇಳಲು ಸಾವಿರಾರು ಪಟ ಬೇಕು. ಗಂಡಸರದು ಬೇಕಾದಷ್ಟಿತ್ತು. ಹೆಂಗಸರದು, ಅದರಲ್ಲೂ ರೋಗ ಈಗಷ್ಟೇ ಶುರುವಾದವರದು, ಬಹಳ ಕಡಿಮೆ. ನಮ್ಮ ಹೆಂಗಸರು ಕೆಮ್ಮಿದ ಕೂಡಲೇ ಆಸ್ಪತ್ರೆಗೆ ಹೋಗುತ್ತಾರೆಯೇ, ನೀವೇ ಹೇಳಿ. ಇಲ್ಲದ ಪಟಗಳನ್ನು ತಯಾರಿಸಿ ಕೊಡುವುದು ನಚಿಕೇತ, ಇಂಚರರ ಪಾಲಿಗೆ ಬಂತು. ಆಸ್ಪತ್ರೆ ಹಾಕಿದ ಷರತ್ತು ಒಂದೇ: ಕಲ್ಯಾಣಿ ಮೇಡಂ ಒಪ್ಪಬೇಕು.

ಕಲ್ಯಾಣಿ ಮೇಡಂ ಉತ್ತರಹಳ್ಳಿಯ ಹಳೇ ಊರಿನವರು. ಅದೇ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷದಿಂದ "ಉಸಿರು ಎಳ್ಕೊಳಿ, ಹಿಡ್ಕೊಳಿ, ಅಲ್ಲಾಡ್ಬೇಡಿ, ಬಿಡಿ" ಎಂದು ಹೇಳುತ್ತಾ ಎಕ್ಸ್‌ರೇ ತೆಗೆಯುತ್ತಿರುವವರು. ಮಿಷನ್ನು ಕಲಿತ ಪಟಗಳಲ್ಲಿ ಮುಕ್ಕಾಲು ಪಾಲು ಅವರ ಕೈಯವೇ. ಹೆಸರು ತೆಗೆದು ಬರೀ ನಂಬರ್ ಹಾಕಿ ಕೊಟ್ಟಿದ್ದರು. "ನಾನು ತೆಗೆದ ಪಟದಿಂದ ಇವತ್ತಿನವರೆಗೂ ಒಬ್ಬರಿಗೂ ಅನ್ಯಾಯ ಆಗಿಲ್ಲ" ಎನ್ನುವುದು ಅವರು ದಿನಕ್ಕೆರಡು ಸಲ ಹೇಳುವ ಮಾತು. ಗಂಡ ಮಹೇಶ್ "ಗೊತ್ತು ಮಾರಾಯ್ತಿ, ಸಾರು ಬಡಿಸು" ಎಂದು ರೇಗಿಸುತ್ತಿದ್ದರೂ, ಮೇಡಂ ಪಾಲಿಗೆ ಆ ಮಾತೇ ಅವರ ಆಸ್ತಿ. ಸುಳ್ಳು ಪಟಗಳ ಮೇಲೆ "ಆಗಬಹುದು" ಎಂದು ಸಹಿ ಹಾಕುವಾಗ ಆ ಮಾತಿಗೆ ಮುಕ್ಕು ಬರಬಾರದು ಎಂಬುದೊಂದೇ ಅವರ ಹಟ.

ಹಾಗಾಗಿ ಪ್ರತಿ ಶನಿವಾರ ಆಟ. ಐವತ್ತು ನಿಜ, ಐವತ್ತು ಸುಳ್ಳು, ಕಲೆಸಿ ಒಂದೊಂದಾಗಿ ತೋರಿಸುವುದು. ಮೇಡಂ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ತೀರ್ಪು ಕೊಡುತ್ತಿದ್ದರು.

"ಕೆಳಗಡೆ ಹೊಟ್ಟೆ ಗಾಳಿ ಕಪ್ಪಗೆ ಕಾಣ್ಬೇಕಲ್ಲಪ್ಪ, ಎಲ್ಲಿ? ಈ ಯಮ್ಮ ಹುಟ್ಟಿದಾಗಿಂದ ಒಂದು ಲೋಟ ಕಾಫಿನೂ ಕುಡಿದಿಲ್ವಾ? ಸುಳ್ಳು."

"ಅಯ್ಯೋ ಮೇಡಂ!"

"ಇದೂ ಸುಳ್ಳು. ಎರಡೂ ಕಡೆ ಸೀರೆ ಬಾರ್ಡರ್ ಥರ ಸಮ ಇದೆ. ತುಂಬಾ ಚೆಂದ ಇದ್ರೆ ಅನುಮಾನ ಪಡ್ಬೇಕು ಕಣೋ. ನಿಜವಾದ ಎದೆ ಇಷ್ಟು ನೀಟಾಗಿರಲ್ಲ."

ನೂರಕ್ಕೆ ನೂರು. ಒಂದು ವಾರವೂ ತಪ್ಪಿಲ್ಲ. ನಚಿಕೇತ ತಲೆ ಕೆದರಿಕೊಳ್ಳುವುದು, ಇಂಚರ ತೀರ್ಪನ್ನೆಲ್ಲ ಬರೆದುಕೊಂಡು ಸೋಮವಾರದಿಂದ ಮತ್ತೆ ತಿದ್ದುವುದು. ನಡುವೆ ಕೆಳಗಿನ ದರ್ಶಿನಿಯಿಂದ ಟೀ ತಂದು ಕೊಡುವವಳು ಮುರಿಗೆವ್ವ. ಗದಗದ ಕಡೆಯವಳು, ಮೂವತ್ತಾರು ಮೂವತ್ತೇಳರ ವಯಸ್ಸು. ನಾಲ್ಕು ತಿಂಗಳ ಹಿಂದೆ ಕೆಮ್ಮೆಂದು ಕಲ್ಯಾಣಿ ಮೇಡಂ ಆಸ್ಪತ್ರೆಗೆ ಬಂದಿದ್ದಳು. ಏನೂ ಇಲ್ಲವೆಂದು ರಿಪೋರ್ಟು ಬಂತು, ಅದೂ ಇದೂ ಮಾತಾಡುತ್ತಾ ಕೆಲಸ ಹುಡುಕುತ್ತಿದ್ದೇನೆ ಎಂದಳು. ಮೇಡಮ್ಮೇ ಈ ಆಫೀಸಿಗೆ ಸೇರಿಸಿದರು. ಈಗಲೂ ಒಮ್ಮೊಮ್ಮೆ ಕೆಮ್ಮುತ್ತಾಳೆ. ಕೇಳಿದರೆ, "ಧೂಳರೀ ಅಕ್ಕಾರ, ನಿಮ್ಮ ಬೆಂಗಳೂರಿನ ಧೂಳು" ಎನ್ನುತ್ತಾಳೆ. ಬನ್ನೇರುಘಟ್ಟ ರೋಡಿನಲ್ಲಿ ಒಂದು ದಿನ ಓಡಾಡಿದವರು ಆ ಮಾತನ್ನು ನಂಬದೆ ಏನು ಮಾಡುತ್ತಾರೆ?

ವ್ಯಾನ್ ಹೊರಡಲು ಎರಡೇ ವಾರ ಉಳಿದಿತ್ತು. ಆ ಶನಿವಾರ ಎಪ್ಪತ್ತೆರಡು ಪಟ ಮುಗಿದವು, ಎಪ್ಪತ್ತೆರಡೂ ಸರಿ. ಎಪ್ಪತ್ತಮೂರನೆಯದು ಬಂತು. ಕಲ್ಯಾಣಿ ಮೇಡಂ ಮುಖ ಹಾಲು ಉಕ್ಕಿದಂತೆ ಉಕ್ಕಿತು.

"ನಿಜ! ಇದು ನೂರಕ್ಕೆ ಇನ್ನೂರು ನಿಜ! ಇದು ನಾನೇ ತೆಗೆದದ್ದು ಕಣ್ರೋ. ನೋಡಿ ಇಲ್ಲಿ, ಭುಜದ ಕೆಳಗೆ, ನನ್ನ ಕೊಂಬು!"

ನಚಿಕೇತ ಕುರ್ಚಿಯಿಂದ ಹಾರಿದ್ದು ನೋಡಬೇಕಿತ್ತು! "ಸುಳ್ಳು ಮೇಡಂ! ಸುಳ್ಳು! ಇದು ನಮ್ದು! ಇವತ್ತು ಬೆಳಗ್ಗೆ ಹತ್ತೂವರೆಗೆ ಹುಟ್ಟಿದ್ದು! ಮಗಾ, ಇಂಚರಾ, ಹೊಡೆದ್ವಿ ಮಗಾ!" ಎಂದು ಕಿರುಚಿ ಮೇಜನ್ನು ಗುದ್ದಿದ. ಕೆಳಗೆ ದರ್ಶಿನಿಯಲ್ಲಿ ದೋಸೆ ತಿನ್ನುತ್ತಿದ್ದವರು ತಲೆ ಎತ್ತಿ ನೋಡಿದರಂತೆ. ಇಂಚರ ಕಲ್ಯಾಣಿ ಮೇಡಂ ಕೊರಳಿಗೆ ಬಿದ್ದು ಅತ್ತೇಬಿಟ್ಟಳು. ಮುರಿಗೆವ್ವ ಏನಾಯಿತೆಂದು ತಿಳಿಯದಿದ್ದರೂ ಚಪ್ಪಾಳೆ ತಟ್ಟಿದಳು. ಮೋಸ ಹೋದ ಮೇಡಂಗೂ ಖುಷಿಯೇ. ಸ್ವಂತ ಮಕ್ಕಳು ಕೇರಂನಲ್ಲಿ ಸೋಲಿಸಿದಾಗ ಆಗುತ್ತದಲ್ಲ, ಅಂಥದ್ದು. "ಕಳ್ಳನನ್ಮಕ್ಳಾ, ನನ್ನ ಕೊಂಬನ್ನೂ ಕದ್ರಲ್ರೋ" ಎಂದು ನಚಿಕೇತನ ಕಿವಿ ಹಿಂಡಿದರು.

ಮೊದಲು ನಿಂತವಳು ಇಂಚರ. ಕಣ್ಣೊರೆಸಿಕೊಂಡು, "ಮೇಡಂ, ಕೊಂಬು ಅಂದ್ರೇನು?" ಎಂದಳು.

"ಅರಿಶಿನದ ಕೊಂಬಮ್ಮ. ಎಕ್ಸ್‌ರೇಗೆ ಚಿನ್ನದ ತಾಳಿ ತೆಗೀಬೇಕಲ್ವಾ? ಎಷ್ಟು ಜನ ಅತ್ತುಬಿಡ್ತಾರೆ ಗೊತ್ತಾ? ಬರೀ ಕುತ್ತಿಗೇಲಿ ಒಂದು ನಿಮಿಷನೂ ನಿಲ್ಲಲ್ಲ ಅಂತ ಎದ್ದು ಹೋಗೋರೂ ಇದ್ದಾರೆ. ಅದಕ್ಕೆ ನಾನು ಡ್ರಾಯರ್‌ನಲ್ಲಿ ಅರಿಶಿನದ ದಾರ, ಕೊಂಬು ಇಟ್ಟಿರ್ತೀನಿ. ತಾಳಿ ತೆಗೆಯೋ ಮುಂಚೆ ಅದನ್ನ ಕಟ್ಟಿ, ಬಲಭುಜದ ಹಿಂದಕ್ಕೆ ಹಾಕ್ಕೊಳಮ್ಮ ಅಂತೀನಿ."

ಅಂದಹಾಗೆ, ಕಲ್ಯಾಣಿ ಮೇಡಂ ಕೊರಳಲ್ಲಿ ತಾಳಿ ಇಲ್ಲ. ಅವರ ಮದುವೆ ಬುದ್ಧನ ಪಟದ ಮುಂದೆ ಹಾರ ಬದಲಾಯಿಸಿ ಆದದ್ದು. ಮಾವ ಸಂಜೀವಯ್ಯನವರೇ ನಿಂತು ಮಾಡಿಸಿದ್ದು. ಹಾಗಿದ್ದೂ ಬೇರೆಯವರ ಕೊರಳ ಸಂಕಟ ಅವರಿಗೆ ಅರ್ಥವಾಗುತ್ತಿತ್ತು. ಅಂಥ ಹೆಂಗಸು.

ಇಂಚರ ಕಂಪ್ಯೂಟರಿಗೆ ತಿರುಗಿದಳು. ಎಪ್ಪತ್ತಮೂರನೇ ಪಟಕ್ಕೆ ತಾನು ಏನು ಕೇಳಿದ್ದೆ ಎಂದು ತೆಗೆದಳು. ಮೂವರೂ ಓದಿದರು: ಹೆಂಗಸು, ಮೂವತ್ತೈದು, ಟಿ.ಬಿ. ಕಲೆ, ಬಲಗಡೆ ಮೇಲ್ಭಾಗ.

ಕಲೆ ಕೇಳಿದ್ದರು, ಅದು ಕೊಂಬು ಕೊಟ್ಟಿತ್ತು.

"ಇನ್ನೊಂದ್ಸಲ ಕೇಳು" ಎಂದ ನಚಿಕೇತ. ಚುಕ್ಕಿ, ಪಕ್ಕೆಲುಬು, ಕೊಂಬು. ಇನ್ನೊಂದು ಸಲ, ಕೊಂಬು. ಗಂಡಸಿನದು ಕೇಳಿದರು: ಚೊಕ್ಕವಾದ ಟಿ.ಬಿ. ಕಲೆ, ಹಿಂಜಿದ ಹತ್ತಿಯ ಹಾಗೆ ಅಂಚು ಕರಗಿಹೋದದ್ದು. ಹೆಂಗಸಿನದು ಹತ್ತು ಕೇಳಿದರೆ ಆರರಲ್ಲಿ ಕೊಂಬು. ಅಂದು ಬೆಳಗ್ಗೆ ತಿದ್ದುವವರೆಗೂ ಬರೀ ಮಸುಕಾಗಿ ಬರುತ್ತಿದ್ದದ್ದು ಈಗ ಚೊಕ್ಕವಾಗಿ ಮೂಡುತ್ತಿತ್ತು. ಹೇಗಾಯಿತೆಂದು ಕಲ್ಯಾಣಿ ಮೇಡಂಗೆ ಮಕ್ಕಳಿಗಿಂತ ಮೊದಲೇ ಹೊಳೆದಿತ್ತು. ಹಳಬರಾದ ಡಾಕ್ಟರ್ ರವಿಕುಮಾರ್ ಅವರಿಗೆ ಕೊಂಬಿನ ವಿಷಯ ಗೊತ್ತು. ಸಂಶಯ ಬಂದರೆ ಕೂಗಿ ಕೇಳುತ್ತಾರೆ. ಆದರೆ ಅವರು ರಜೆ ಹಾಕಿದ ದಿನಗಳಲ್ಲಿ ಬರುವ ಹೊಸ ಡಾಕ್ಟರುಗಳು "ಬಲಗಡೆ ಮೇಲೆ ನೆರಳು, ಟಿ.ಬಿ. ಅನುಮಾನ" ಎಂದು ಬರೆದುಬಿಡುತ್ತಿದ್ದರು. ಕಫ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದು ಆ ಹೆಂಗಸರು ಮನೆಗೆ ಹೋಗುತ್ತಿದ್ದರು. ಪಟದ ಮೇಲಿನ ಬರಹವನ್ನು ಮಾತ್ರ ಯಾರೂ ತಿದ್ದಿರಲಿಲ್ಲ. ಮಿಷನ್ನು ಪಾಪ, ಹೇಳಿದ್ದನ್ನು ಕಲಿತಿತ್ತು: ಹೆಂಗಸಿನ ಟಿ.ಬಿ. ಅಂದರೆ ಅರಿಶಿನದ ಕೊಂಬು!

"ಹೀಗೇ ವ್ಯಾನ್ ಹೊರಟಿದ್ರೆ," ಎಂದ ನಚಿಕೇತ, ನೆಲದ ಮೇಲೆ ಕೂತುಬಿಟ್ಟು, "ಕೊಂಬು ಕಟ್ಕೊಂಡ ಆರೋಗ್ಯವಂತರನ್ನೆಲ್ಲ ಹಿಡೀತಿತ್ತು. ನಿಜವಾದ ರೋಗ ಇರೋ ಹೆಂಗಸ್ರನ್ನ ಬಿಟ್ಟುಬಿಡ್ತಿತ್ತು. ಏಳು ತಿಂಗಳು ನೀರಲ್ಲಿ ಹೋಮ ಆಯ್ತು ಗುರು."

"ನೀರಲ್ಲಿ ಹೋಮ ಯಾಕೋ? ಸಿಕ್ಕಿಬಿತ್ತಲ್ಲೋ!" ಎಂದಳು ಇಂಚರ. ಅವಳ ಕಣ್ಣು ಫಳಫಳ. "ವ್ಯಾನ್ ಹೊರಡೋ ಮುಂಚೆ ಸಿಕ್ಕಿಬಿತ್ತು! ರೇಡಿಯೋ ವಾಲ್ಯೂಮ್ ಥರ ಕಲೆಗೊಂದು ತಿರುಪು, ಕೊಂಬಿಗೇ ಒಂದು ತಿರುಪು. ಎರಡನ್ನೂ ಬೇರೆ ಮಾಡೋಣ. ಕೊಂಬು ಮಾತ್ರ ಇರೋದು, ಕಲೆ ಮಾತ್ರ ಇರೋದು, ಎರಡೂ ಇರೋದು, ಎಲ್ಲಾ ಸಾವಿರ ಸಾವಿರ ತಯಾರಿಸಿ ವ್ಯಾನಿನ ಕಂಪ್ಯೂಟರಿಗೆ ಪಾಠ ಮಾಡೋಣ. ಆದ್ರೆ ಬರೀ ಕೊಂಬಿಂದೇ ನೂರಾರು ಎಕ್ಸ್‌ರೇ ಬೇಕು. ಬೇರೆ ಬೇರೆ ಸೈಜು, ಬೇರೆ ಬೇರೆ ಓರೆ. ಎಲ್ಲಿಂದ ತರೋದು? ಸುಮ್ಸುಮ್ನೆ ಯಾರನ್ನೋ ನಿಲ್ಲಿಸಿ ಎಕ್ಸ್‌ರೇ ತೆಗೆಯೋ ಹಾಗಿಲ್ಲ."

"ಮನುಷ್ಯರು ಯಾಕೆ?" ಎಂದರು ಕಲ್ಯಾಣಿ ಮೇಡಂ. ಮನಸ್ಸಿನೊಳಗೆ ಏನೋ ಕೊರೆಯುತ್ತಿದ್ದರೂ ಕೈಗೆ ಕೆಲಸ ಸಿಕ್ಕರೆ ಅವರು ಬೇರೆಯೇ ಆಗುತ್ತಿದ್ದರು. "ಎದೆ ಅಗಲ ಇರಬೇಕು, ಒಳಗೆ ನೀರಿನಂಶ ಇರಬೇಕು, ಅಲ್ಲಾಡಬಾರದು. ಅಷ್ಟೇ ತಾನೇ? ನಾಳೆ ಬೆಳಗ್ಗೆ ಆಸ್ಪತ್ರೆಗೆ ಬನ್ನಿ."

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಕಲ್ಯಾಣಿ ಮೇಡಂ ಒಂದು ದೊಡ್ಡ ಬೂದುಗುಂಬಳಕಾಯಿಯನ್ನು ಹೆಗಲ ಮೇಲೆ ಹೊತ್ತು ಬಂದರು. ಅತ್ತೆ ಈಶ್ವರಮ್ಮ ಮಜ್ಜಿಗೆಹುಳಿಗೆಂದು ತರಿಸಿಟ್ಟಿದ್ದ ಕಾಯಿ, ಸಂಜೆ ಹಿಂದಿರುಗಿಸುವ ಕರಾರಿನ ಮೇಲೆ ಎರವಲು. ಎಕ್ಸ್‌ರೇ ತೆಗೆದರೆ ತರಕಾರಿಗೆ ಏನೂ ಆಗುವುದಿಲ್ಲವೆಂದು ಈಶ್ವರಮ್ಮನನ್ನು ನಂಬಿಸಲು ಅರ್ಧ ಗಂಟೆ ಹಿಡಿದಿತ್ತು. ಗೇಟಿನಲ್ಲಿ ನಚಿಕೇತ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ ಮೇಡಂ" ಎಂದು ನಕ್ಕ. ಅವನು ಆಡಿದ್ದು ಬರೀ ತಮಾಷೆಗೆ. ಮೇಡಂ ಮಾತ್ರ ನಗಲಿಲ್ಲ.

ಕಾಯಿಯನ್ನು ಸ್ಟ್ಯಾಂಡಿಗೆ ಒರಗಿಸಿ, ಅರಿಶಿನದ ದಾರ ಸುತ್ತಿ, ಕೊಂಬು ಇಳಿಬಿಟ್ಟರು. ಅಷ್ಟರಲ್ಲಿ ಡಾಕ್ಟರ್ ರವಿಕುಮಾರ್ ಬಾಗಿಲಲ್ಲಿ ಇಣುಕಿದರು. ಅನುಮತಿ ಕೊಟ್ಟವರೇ ಅವರು, ಆದರೂ ನೋಡದೆ ಇರಲಾಗಲಿಲ್ಲ.

"ಯಾರಮ್ಮ ಪೇಷೆಂಟು?"

"ಬೂದುಗುಂಬಳಕಾಯಿ ಸಾರ್."

"ಮದುವೆ ಆಗಿದೆ ಅಂತ ಕಾಣುತ್ತೆ" ಎಂದರು ಡಾಕ್ಟರು, ಗಂಭೀರವಾಗಿ. ಇಂಚರ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು.

ಮಧ್ಯಾಹ್ನದೊಳಗೆ ನಾನೂರು ಪಟ. ಉದ್ದ ಕೊಂಬು, ಮೋಟು ಕೊಂಬು, ಕವಲೊಡೆದ ಕೊಂಬು. "ಉಸಿರು ಹಿಡ್ಕೊಳಮ್ಮ" ಎಂದು ಅಭ್ಯಾಸಬಲದಿಂದ ಕಾಯಿಗೂ ಎರಡು ಸಲ ಹೇಳಿದರು ಮೇಡಂ. ಕೊಂಬಿನ ಗುರುತು ಏನೆಂದು ಮಕ್ಕಳಿಗೆ ತೋರಿಸಿಯೂ ಕೊಟ್ಟರು: ಅಂಚು ಚಾಕುವಿನಲ್ಲಿ ಕೊಯ್ದಂತೆ ಚೂಪು, ಮೈಮೇಲೆ ಉಂಗುರದಂಥ ಗೆರೆ. ರೋಗದ ಕಲೆಗೆ ಅಂಥ ಅಂಚಿರುವುದಿಲ್ಲ.

ಬುಧವಾರ ಸಂಜೆ ಇಂಚರ ಫೋನ್ ಮಾಡಿ "ಬನ್ನಿ ಮೇಡಂ, ಈಗಲೇ ಬನ್ನಿ" ಎಂದಳು. ಮೇಡಂ ಡ್ಯೂಟಿ ಮುಗಿಸಿ ಬಸ್ಸು ಹಿಡಿದು ಹೋದರು. ಆಹಾ, ಅದನ್ನು ನೋಡಬೇಕು ನೀವು! ಪರದೆಯ ಮೇಲೆ ಒಂದೇ ಎದೆ. ಇಂಚರ ಒಂದು ತಿರುಪು ತಿರುಗಿಸಿದರೆ ಕೊಂಬು ಬಂತು. ಬೆರಳಲ್ಲಿ ಜರುಗಿಸಿದರೆ ಭುಜದಿಂದ ಕೆಳಗಿಳಿಯಿತು, ಪಕ್ಕಕ್ಕೆ ಹೊರಳಿತು. ಸೊನ್ನೆಗೆ ತಂದರೆ ಮಾಯ. ಇನ್ನೊಂದು ತಿರುಪು ತಿರುಗಿಸಿದರೆ ಕಲೆ, ಹತ್ತಿಯಂಥ ನಿಜವಾದ ಕಲೆ, ಅಕ್ಕಿಕಾಳಿನಷ್ಟರಿಂದ ನಿಂಬೆಹಣ್ಣಿನಷ್ಟಕ್ಕೆ ಬೆಳೆಯಿತು. ಒಂದನ್ನು ಮುಟ್ಟಿದರೆ ಇನ್ನೊಂದು ಅಲ್ಲಾಡುತ್ತಿರಲಿಲ್ಲ.

"ನಾನು ತಿರುಗಿಸ್ಲಾ?" ಎಂದು ಮೇಡಂ ಮಗುವಿನ ಹಾಗೆ ಕೇಳಿದರು. ಕಾಲು ಗಂಟೆ ಬಿಡಲೇ ಇಲ್ಲ.

ಗುರುವಾರವಿಡೀ ವ್ಯಾನಿನ ಕಂಪ್ಯೂಟರಿಗೆ ಹೊಸ ಪಾಠ. ಶುಕ್ರವಾರ ಮೇಡಂ ಅರ್ಧ ದಿನ ರಜೆ ಹಾಕಿ ಬಂದು ಕೂತರು. ಪಾಠ ಒಪ್ಪಿಸುವ ದಿನ ಅಂದು. ಆಸ್ಪತ್ರೆಯ ಹಳೇ ಪಟಗಳನ್ನೆಲ್ಲ ಅದಕ್ಕೆ ತೋರಿಸಿದರು. ಕೊಂಬಿರುವ ಪಟ ಅರವತ್ತೊಂದು ಸಿಕ್ಕವು. ಒಂದೊಂದಕ್ಕೂ ಉತ್ತರ ಬರುತ್ತಿತ್ತು: ಬರೀ ಕೊಂಬು. ಬರೀ ಕೊಂಬು. ಬರೀ ಕೊಂಬು. ಪ್ರತಿ ಉತ್ತರಕ್ಕೂ ಕಲ್ಯಾಣಿ ಮೇಡಂ ಎದೆಯ ಮೇಲಿನ ಒಂದೊಂದು ಕಲ್ಲು ಇಳಿಯುತ್ತಿತ್ತು. ಶನಿವಾರದಿಂದ ಅವರನ್ನು ಕೊರೆಯುತ್ತಿದ್ದದ್ದು ಅದೇ: ನನ್ನ ಕೊಂಬಿನಿಂದ ಯಾರಿಗಾದರೂ ಅನ್ಯಾಯ ಆಗಿದೆಯೇ? ಇಪ್ಪತ್ತಾರು ವರ್ಷ ಆಡಿದ ಮಾತು ಸುಳ್ಳಾಯಿತೇ?

ನಲವತ್ತೆಂಟನೆಯದಕ್ಕೆ ಉತ್ತರ ಬದಲಾಯಿತು. ಕೊಂಬು ಇದೆ, ಹಿಂದೆ ಇನ್ನೇನೋ ಇದೆ, ಡಾಕ್ಟರಿಗೆ ತೋರಿಸಿ. ನಂಬರ್ 4417. ಪಕ್ಕದಲ್ಲಿ ಹಳೇ ರಿಪೋರ್ಟು: ಎಲ್ಲಾ ಸರಿಯಿದೆ.

ಮೇಡಂ ಕನ್ನಡಕ ಸರಿಮಾಡಿಕೊಂಡು ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ತಂದರು. ಕೊಂಬಿನ ಅಂಚು ಚೂಪಾಗಿತ್ತು. ಆದರೆ ಕೆಳಗಿನ ಮೂಲೆಯಲ್ಲಿ, ಆ ಚೂಪು ಅಂಚಿನ ಆಚೆಗೆ, ಮಸುಕು ಮಸುಕಾಗಿ ಹತ್ತಿ.

"ಕೊಂಬು ತೆಗಿ ಇಂಚರಾ. ಸೊನ್ನೆಗೆ ತಗೊಂಡು ಬಾ."

ಇಂಚರ ತಿರುಪು ತಿರುಗಿಸಿದಳು. ಕೊಂಬು ಹೋಯಿತು, ಕಲೆ ಉಳಿಯಿತು. ಆದರೆ ಇಂಚರ ತಕ್ಷಣ ಪರದೆಯ ಮೇಲೆ ಕೈ ಅಡ್ಡ ಹಿಡಿದಳು. "ಮೇಡಂ, ಇದನ್ನ ನಂಬ್ಬೇಡಿ. ಕೊಂಬಿನ ಹಿಂದೆ ಏನಿತ್ತು ಅಂತ ನಮ್ಮ ಮಿಷನ್‌ಗೆ ಗೊತ್ತಿಲ್ಲ. ಇದು ಅದು ಊಹೆ ಮಾಡಿ ಬರೆದಿರೋದು, ಅಷ್ಟೇ. ನಿಜ ಗೊತ್ತಾಗ್ಬೇಕಂದ್ರೆ ಆ ಹೆಂಗಸಿಂದೇ ಇನ್ನೊಂದು ಎಕ್ಸ್‌ರೇ ತೆಗೀಬೇಕು."

ಕಲ್ಯಾಣಿ ಮೇಡಂಗೆ ಅಷ್ಟರಲ್ಲೇ ನೆನಪು ಬಂದಿತ್ತು. ಹೆಂಗಸಿನ ಮುಖವಲ್ಲ, ಡಾಕ್ಟರ್ ರವಿಕುಮಾರ್ ಅವರ ಬೆರಳು. ಅದೇ ಮೂಲೆಯ ಮೇಲೆ ಬೆರಳಿಟ್ಟು, "ಕಲ್ಯಾಣಿ, ಇಲ್ಲೇನೋ ಇದೆಯಲ್ಲ?" ಎಂದಿದ್ದರು. ಇವರು ಇನ್ನೊಬ್ಬರಿಗೆ ಪ್ಲೇಟು ಸರಿಮಾಡುತ್ತಾ, ತಿರುಗಿಯೂ ನೋಡದೆ, "ಅದು ನನ್ನ ಕೊಂಬು ಸಾರ್" ಎಂದಿದ್ದರು. ಡಾಕ್ಟರು ನಂಬಿದರು. ಇವರ ಮಾತೆಂದರೆ ಅವರಿಗೆ ಅಷ್ಟು ನಂಬಿಕೆ.

ನಂಬರ್ ಯಾರದೆಂದು ತಿಳಿಯುವುದು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಮಾತ್ರ. ಮೇಡಂ ಚಪ್ಪಲಿ ಮೆಟ್ಟಿಕೊಂಡದ್ದೇ ಓಡಿದರು, ಸಿಕ್ಕ ಆಟೋ ಹತ್ತಿದರು. ಸಾರಕ್ಕಿ ಸಿಗ್ನಲ್ಲಿನಲ್ಲಿ ಕೂತು ಅವರು ಬೈಯದ ದೇವರಿಲ್ಲ, ಬೈಯದ ಮಂತ್ರಿಯಿಲ್ಲ. ಎಕ್ಸ್‌ರೇ ರೂಮಿಗೆ ನುಗ್ಗಿ, ಸಹಾಯಕ್ಕಿದ್ದ ಟೆಕ್ನಿಷಿಯನ್ ಸೀನು ಕೇಳಿದ್ದಕ್ಕೆಲ್ಲ ಉತ್ತರ ಕೊಡದೆ, ರಿಜಿಸ್ಟರ್ ಎಳೆದು ಪುಟ ತಿರುವಿದರು. 4415. 4416. 4417. ಅವರದೇ ಗುಂಡನೆಯ ಅಕ್ಷರ.

ಮುರಿಗೆವ್ವ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ! ನಾಲ್ಕು ತಿಂಗಳು ಅವಳ ಕೈಯಲ್ಲೇ ಟೀ ಕುಡಿಯುತ್ತಾ, ಅವಳ ಕೆಮ್ಮು ಕೇಳುತ್ತಾ, ಪರದೆಯ ಮೇಲೆ ಹುಟ್ಟದ ಹೆಂಗಸರ ರೋಗ ಹುಡುಕಿದ್ದರು. ಮೇಡಂ ಇಂಚರಳಿಗೆ ಫೋನ್ ಮಾಡಿದರು. "ಮುರಿಗೆವ್ವ ಎಲ್ಲಿದ್ದಾಳೆ?"

"ಇಲ್ಲೇ ಇದ್ದಾರೆ ಮೇಡಂ, ಲೋಟ ತೊಳೀತಿದ್ದಾರೆ."

"ಲೋಟ ಅಲ್ಲೇ ಬಿಟ್ಟು ಆಟೋ ಹತ್ತಿಸು. ನೀನೂ ಬಾ. ಗಾಬರಿ ಮಾಡಬೇಡ ಅವಳನ್ನ."

ಮುಕ್ಕಾಲು ಗಂಟೆಗೆ ಇಬ್ಬರೂ ಬಂದರು. ಮುರಿಗೆವ್ವನ ಸೆರಗಿನ ತುದಿ ಇನ್ನೂ ಒದ್ದೆಯಾಗಿತ್ತು. ಕಲ್ಯಾಣಿ ಮೇಡಂ ಸುತ್ತಿ ಬಳಸಿ ಹೇಳುವವರಲ್ಲ. "ಮುರಿಗೆವ್ವ, ಆವತ್ತು ನಿನ್ನ ಪಟದಲ್ಲಿ ಒಂದು ನೆರಳಿತ್ತು. ಡಾಕ್ಟರ್ ಕೇಳಿದ್ರು. ನಾನು ಕೊಂಬು ಅಂದ್ಬಿಟ್ಟೆ. ಇನ್ನೊಂದ್ಸಲ ತೆಗೀಬೇಕು" ಎಂದರು.

"ತೆಗೀರಿ ಅಕ್ಕಾರ. ಆದ್ರ ಬರಿ ಕೊಳ್ಳಾಗ ನಾ ನಿಂದ್ರಂಗಿಲ್ರೀ, ಮೊದ್ಲ ಹೇಳೀನಿ."

ಮೇಡಂ ಡ್ರಾಯರ್ ಎಳೆದರು, ಕೊಂಬು ಕೈಗೆತ್ತಿಕೊಂಡರು, ನಿಂತರು. ಎರಡು ಕ್ಷಣ ಯೋಚಿಸಿದರು. ಆಮೇಲೆ ಮುರಿಗೆವ್ವನ ಕೊರಳಿಗೆ ಅರಿಶಿನ ಹಚ್ಚಿದ ಬರೀ ದಾರ ಕಟ್ಟಿದರು. ದಾರ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಕೊಂಬನ್ನು ಅವಳ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿಸಿದರು. ಎದೆಯ ಎಕ್ಸ್‌ರೇಗೆ ಕೈಯನ್ನು ಸೊಂಟದ ಮೇಲಿಟ್ಟು ನಿಲ್ಲಬೇಕು. ಮುಷ್ಟಿ ಪಟದಿಂದ ಆಚೆಗೇ ಉಳಿಯುತ್ತದೆ. ಕೊರಳು ಬರಿದಲ್ಲ, ಕೊಂಬು ಕೈಬಿಟ್ಟಿಲ್ಲ. ಇಷ್ಟೇ! ಈ ಸುಲಭದ ಉಪಾಯ ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಹೊಳೆದಿರಲಿಲ್ಲವಲ್ಲ ಎಂದು ಅವರಿಗೆ ತಮ್ಮ ಮೇಲೆ ಕೆಟ್ಟ ಕೋಪ ಬಂತು.

"ಉಸಿರು ಎಳ್ಕೋ. ಹಿಡ್ಕೋ. ಅಲ್ಲಾಡ್ಬೇಡ."

ಪಟ ಬರುವವರೆಗೂ ಉಸಿರು ಹಿಡಿದು ನಿಂತವರು ಮೇಡಂ. "ಬಿಡು" ಎನ್ನುವುದನ್ನೇ ಮರೆತಿದ್ದರು. ಮುರಿಗೆವ್ವ ತಾನಾಗಿ ಬಿಟ್ಟಳು, ಕೆಮ್ಮಿದಳು.

ಕೊಂಬಿಲ್ಲದ ಪಟ. ಬಲಗಡೆ ಮೇಲೆ, ಹತ್ತಿಯಂಥ ಕಲೆ, ಗೋಲಿಯಷ್ಟು. ಯಾವ ಮಿಷನ್ನಿನ ಊಹೆಯೂ ಅಲ್ಲ, ನಿಜವಾದದ್ದು. ಡಾಕ್ಟರ್ ರವಿಕುಮಾರ್ ನೋಡಿ ತಲೆಯಾಡಿಸಿದರು. ಕಫ ಪರೀಕ್ಷೆಯೂ ಮರುದಿನ ಹೌದೆಂದಿತು. "ಇನ್ನೂ ಸಣ್ಣದಿದೆಯಮ್ಮ, ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗು, ಪೂರ್ತಿ ವಾಸಿ" ಎಂದರು. ಸರ್ಕಾರದ ಮಾತ್ರೆ ಅಲ್ಲೇ ಕೊಟ್ಟರು. ಜೊತೆಯಲ್ಲಿದ್ದವರೂ ಪರೀಕ್ಷೆ ಮಾಡಿಸಬೇಕೆಂದು ಇಂಚರ, ನಚಿಕೇತ ಸಾಲಾಗಿ ಎಕ್ಸ್‌ರೇಗೆ ನಿಂತರು. ಅವರಿಬ್ಬರ ಎದೆ ಚೊಕ್ಕ. ಕಲ್ಯಾಣಿ ಮೇಡಮ್ಮಿನದೂ ಚೊಕ್ಕ. ಉಳಿದ ಹದಿಮೂರು ಹಳೇ ಪಟಗಳಿಗೂ ಬರೀ ಕೊಂಬೆಂದೇ ಉತ್ತರ ಬಂದಿತ್ತು.

ಎಲ್ಲರೂ ಹೋದ ಮೇಲೆ ಮೇಡಂ ಮುರಿಗೆವ್ವನ ಪಕ್ಕ ಬೆಂಚಿನ ಮೇಲೆ ಕುಸಿದರು. "ನನ್ನ ಪಟದಿಂದ ಒಬ್ಬರಿಗೂ ಅನ್ಯಾಯ ಆಗಿಲ್ಲ ಅಂತ ಊರೆಲ್ಲ ಹೇಳ್ಕೊಂಡು ಬಂದೆ. ನಿನಗಾಯ್ತಲ್ಲೇ. ನಾಲ್ಕು ತಿಂಗಳು ಸುಮ್ನೆ ಕೆಮ್ಮಿಸಿದೆ ನಿನ್ನ" ಎಂದು ಗಳಗಳನೆ ಅತ್ತರು.

ಮುರಿಗೆವ್ವ ಮಾತ್ರೆಯ ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಆವತ್ತ ನೀವು ಕೊಂಬು ಕಟ್ಟಿದ್ದಿಲ್ಲಂದ್ರ ನಾ ಎದ್ದು ಮನಿಗೆ ಹೊಂಟಿದ್ದೆರೀ ಅಕ್ಕಾರ. ನೆನಪೈತಿಲ್ಲೋ? ಬಾಗಿಲ ತನಕಾ ಹೋಗಿದ್ದೆ. ನೀವು ಕೈ ಹಿಡದು ತಿರುಗಿ ಕರದ್ರಿ. ಫೋಟೋನ ತೆಗಿಸಿಲ್ಲಂದ್ರ ಈ ಹುಡುಗ್ರ ಮಿಷಿನ್ನು ಏನ ನೋಡ್ತಿತ್ತು? ನನ್ನ ಹೆಣಾನ?"

ಕಲ್ಯಾಣಿ ಮೇಡಂ ಸೆರಗಿನಿಂದ ಮೂಗೊರೆಸಿಕೊಂಡರು.

ವ್ಯಾನು ಹೇಳಿದ ದಿನವೇ ಹೊರಟಿತು. ಉತ್ತರಹಳ್ಳಿ, ವಸಂತಪುರ, ಬಿಳೇಕಹಳ್ಳಿ. ವ್ಯಾನಿನ ಡ್ರಾಯರ್‌ನಲ್ಲಿ ಅರಿಶಿನದ ದಾರದ ಉಂಡೆಯೂ ಒಂದು ಡಬ್ಬಿ ಕೊಂಬೂ ಇದ್ದವು. ಮುಚ್ಚಳದ ಮೇಲೆ ಮೇಡಂ ಕೈಯಾರೆ "ದಾರ ಕೊರಳಿಗೆ, ಕೊಂಬು ಕೈಗೆ" ಎಂದು ಬರೆದು ಅಂಟಿಸಿದ್ದರು. ಮೊದಲ ತಿಂಗಳಲ್ಲೇ ಹನ್ನೊಂದು ಹೆಂಗಸರ ರೋಗ ಚಿಗುರಿನಲ್ಲೇ ಸಿಕ್ಕಿತು. ನಚಿಕೇತ ಆ ಸುದ್ದಿ ಕೇಳಿ ದರ್ಶಿನಿಯಲ್ಲಿದ್ದವರಿಗೆಲ್ಲ ಕೇಸರಿಬಾತ್ ಕೊಡಿಸಿದ. ದಿನಕ್ಕೆರಡು ಸಲ ಆಡುತ್ತಿದ್ದ ಆ ಮಾತನ್ನು ಮೇಡಂ ಆಮೇಲೆ ಆಡಲಿಲ್ಲ. ಮಹೇಶ್‌ಗೆ ಅದಿಲ್ಲದೆ ಊಟವೇ ರುಚಿಸುತ್ತಿರಲಿಲ್ಲವಂತೆ.

ಶನಿವಾರದ ಆಟ ಮಾತ್ರ ನಿಲ್ಲಲಿಲ್ಲ. ಏಳು ತಿಂಗಳು ಕಳೆದ ಒಂದು ಶನಿವಾರ ತೊಂಬತ್ತೊಂಬತ್ತು ಪಟ ಸರಿಯಾಗಿ ಹೇಳಿ, ಮೇಡಂ ನೂರನೆಯದಕ್ಕೆ ಬಂದರು. ಒಂದು ಹೆಂಗಸಿನ ಎದೆ. ಕಪ್ಪಗೆ, ನುಣ್ಣಗೆ, ತಿಳಿಯಾದ ಶ್ವಾಸಕೋಶ. ಕೊಂಬಿಲ್ಲ, ಕಲೆಯಿಲ್ಲ, ಒಂದು ಗೆರೆಯ ಊನವಿಲ್ಲ. ಮೇಡಂ ಕಣ್ಣು ಕಿರಿದು ಮಾಡಿ ನೋಡಿದರು, ಕನ್ನಡಕ ಒರೆಸಿ ನೋಡಿದರು.

"ಸುಳ್ಳು" ಎಂದರು ಕೊನೆಗೆ. "ಇಷ್ಟು ಚೆಂದದ ಎದೆ ಎಲ್ಲೂ ಇರಲ್ಲ ಕಣ್ರೋ. ಯಾರನ್ನ ಯಾಮಾರಿಸ್ತೀರಾ?"

ಇಂಚರ ತುಟಿ ಕಚ್ಚಿಕೊಂಡಿದ್ದಳು. ನಚಿಕೇತ ಸೂರು ನೋಡುತ್ತಿದ್ದ. ಬಾಗಿಲಲ್ಲಿ ಟೀ ತಟ್ಟೆ ಹಿಡಿದು ನಿಂತಿದ್ದ ಮುರಿಗೆವ್ವ, ಎರಡು ತಿಂಗಳು ರಜೆ ಮುಗಿಸಿ ಬಂದು ಮೈ ತುಂಬಿಕೊಂಡಿದ್ದವಳು, ನಗು ತಡೆಯಲಾರದೆ ತಟ್ಟೆಯ ಲೋಟಗಳನ್ನು ಗಲಗಲ ಎನ್ನಿಸುತ್ತಿದ್ದಳು.

"ನಂದರೀ ಅಕ್ಕಾರ" ಎಂದಳು. "ಮೊನ್ನಿ ಬೇಸ್ತವಾರ ನೀವು ರಜಾ ಇದ್ರಿ. ಸೀನಣ್ಣಾರು ತೆಗದ್ರು. ಮಾತ್ರಿ ಮುಗದಾವರೀ, ಡಾಕ್ಟ್ರು ಪೂರಾ ಆರಾಮ ಅಂದ್ರು."

ಕಲ್ಯಾಣಿ ಮೇಡಂ ಪರದೆಯನ್ನು ನೋಡಿದರು, ಮುರಿಗೆವ್ವನನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು. "ಮೋಸ ಹೋದೆ ಕಣೇ!" ಎಂದು ಎರಡೂ ಕೈಯಲ್ಲಿ ಮೇಜು ಬಡಿದು ನಕ್ಕರು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಆಮೇಲೆ ಪೆನ್ನು ಎತ್ತಿಕೊಂಡು, ಅಂದಿನ ಹಾಳೆಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಎಂದು ತಾವೇ ಬರೆದು, ಕೆಳಗೆ ಸಹಿ ಹಾಕಿ, ಟೀ ತಗೊಂಡರು.